ಚೆಂಬು ನೀರು

ಆಗ ನನಗೆ ಅರವತ್ತಾರು ವರ್ಷ. ಇದು ನಡೆದು ಈಗ ನಾಲ್ಕು ವರ್ಷವಾಯಿತು.

ಕೋಯಮತ್ತೂರಿನ ಹತ್ತಿರದ ಸೋಮನೂರಿನ ಒಂದು ಸಣ್ಣ ಬೀದಿಯಲ್ಲಿ ನಮ್ಮ ಮನೆ. ಎಡಕ್ಕೂ ಬಲಕ್ಕೂ ಪವರ್‌ಲೂಮ್ ಶೆಡ್ಡುಗಳು. ಸದ್ದು ನಿಂತರೆ ಕರೆಂಟು ಹೋಯಿತೆಂದು ತಿಳಿದುಕೊಳ್ಳುತ್ತೇವೆ, ಅಷ್ಟೆ. ನಾನು ಹುಟ್ಟಿದ್ದು ಕೊಳ್ಳೇಗಾಲದ ಕಡೆ. ಅಲ್ಲಿ ಮೂರನೆಯ ಕ್ಲಾಸಿನವರೆಗೆ ಓದಿದೆ. ಆ ಕನ್ನಡ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕಲಿತ ತಮಿಳು ಬಾಯಲ್ಲಿ ಮಾತ್ರ ಇದೆ, ಕಣ್ಣಿಗೆ ಹತ್ತಲಿಲ್ಲ. ಬಸ್ಸನ್ನೂ ಬೋರ್ಡು ಏನೆಂದು ಪಕ್ಕದವರನ್ನು ಕೇಳಿಯೇ ಹತ್ತುತ್ತೇನೆ.

ಗಂಡ ಸತ್ತ ಮೇಲೆ ಮನೆಯಲ್ಲಿ ನಾನು, ಮಗಳ ಮಗಳು, ಇಬ್ಬರೇ. ಮಗಳೂ ಅಳಿಯನೂ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸಕ್ಕಿದ್ದರು. ಅಲ್ಲೇ ಒಂದು ಕೋಣೆ. ಇಬ್ಬರೂ ಶಿಫ್ಟಿಗೆ ಹೋದರೆ ಮಗುವನ್ನು ನೋಡುವವರಿಲ್ಲ ಎಂದು ನನ್ನ ಹತ್ತಿರ ಬಿಟ್ಟಿದ್ದರು. ಪ್ರತಿ ಭಾನುವಾರ ಸಂಜೆ ಬಸ್ಸು ಹತ್ತುವಾಗ ಮಗಳು ಒಂದೇ ಮಾತು ಹೇಳುತ್ತಿದ್ದಳು: "ಅವ್ವಾ, ಇವಳಿಗೇನಾದ್ರೂ ಆದ್ರೆ ಆಮೇಲೆ ನಾನೂ ಇಲ್ಲ, ನೀನೂ ಇಲ್ಲ." ನಗುತ್ತಲೇ ಹೇಳುತ್ತಿದ್ದಳು. ಆದರೆ ಅದು ನಗುವ ಮಾತಲ್ಲವೆಂದು ನನಗೆ ಗೊತ್ತಿತ್ತು.

ಮೊಮ್ಮಗಳು ಆಗ ಆರನೆಯ ಕ್ಲಾಸು. ಈ ಕಡೆ ತಾಯಿಯ ತಾಯಿಯನ್ನು ಅಮ್ಮಾಯಿ ಎನ್ನುತ್ತಾರೆ, ಅವಳೂ ನನ್ನನ್ನು ಹಾಗೇ ಕರೆಯುತ್ತಾಳೆ. ಮನೆಯೊಳಗೆ ನಮ್ಮದು ಕನ್ನಡ, ಹೊಸಿಲು ದಾಟಿದರೆ ತಮಿಳು. ಎರಡೂ ಒಂದೇ ನಾಲಗೆಯ ಮೇಲೆ ಇರುವುದರಿಂದ ಯಾವ ಮಾತು ಯಾವ ಭಾಷೆಯದೆಂದು ಅವಳು ಯಾವತ್ತೂ ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ. ಆ ದಿನದವರೆಗೆ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಒಂದು ಸಂಜೆ ಅವಳ ಸ್ಕೂಲಿನ ಸೈನ್ಸ್ ಟೀಚರು ಮನೆಗೆ ಬಂದರು. ವೆಳ್ಳಕೋಯಿಲ್ ಕಡೆಯ ಹೆಣ್ಣುಮಗಳು, ಕೆಲಸಕ್ಕೆ ಹೊಸಬರು. ಅವರಿಗೆ ಕನ್ನಡ ಬಾರದು, ಆಡಿದ್ದೆಲ್ಲ ತಮಿಳಿನಲ್ಲಿ. ಅದನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಟೀಚರು ಬಾಗಿಲಿಗೆ ಬಂದರೆ ಮಗು ಏನೋ ಮಾಡಿದೆ ಎಂದೇ ಅಲ್ಲವೇ.

"ಏನು ಮಾಡಿದಳು?" ಎಂದೆ, ಬನ್ನಿ ಕೂಡ ಅನ್ನದೆ.

"ಏನೂ ಮಾಡಿಲ್ಲಮ್ಮ. ನೀವು ಒಂದು ದಿನ ಸ್ಕೂಲಿಗೆ ಬರಬೇಕು. ಕೇಳಿಕೊಂಡು ಹೋಗೋಣ ಅಂತ ಬಂದೆ."

"ನಾನು ಬಂದು ಏನು ಮಾಡಲಿ? ಒಂದನೆ ಕ್ಲಾಸಲ್ಲಿ ಕೂರಲಾ?"

ಮೊಮ್ಮಗಳು ಬಾಗಿಲ ಹಿಂದೆ ನಿಂತು ಕಿಸಕ್ಕೆಂದಳು.

ಟೀಚರು ಕೂತು ವಿವರವಾಗಿ ಹೇಳಿದರು. ಪುಸ್ತಕದಲ್ಲಿ ತನಿಮಂ ಎಂದು ಒಂದು ಪಾಠ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಇವೆಲ್ಲ ತನಿಮಂ. ತನಿ ಎಂದರೆ ಒಂಟಿ. ಎಷ್ಟು ಒಡೆದರೂ ಅದೇ ಆಗಿ ಉಳಿಯುವ ಒಂಟಿ ವಸ್ತು.

"ನನ್ನ ಹಾಗೆ," ಎಂದೆ.

ಅವರು ನಗಬೇಕೋ ಬೇಡವೋ ಎಂದು ತಿಳಿಯದೆ ನನ್ನ ಮುಖ ನೋಡಿದರು. ಆಮೇಲೆ ಮುಂದುವರಿಸಿದರು. ಮಕ್ಕಳು ಹೆಸರನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಾರೆ. ಅದಕ್ಕೆ ಅವರೊಂದು ಉಪಾಯ ಮಾಡಿದ್ದರು. ಬಿಳಿ ನೂಲಿನ ಲಡಿಗಳನ್ನು ಕಡುಕ್ಕಾಯ್ ನೀರಿನಲ್ಲಿ ನೆನೆಸುವುದು. ನಮ್ಮ ತವರಿನ ಕಡೆ ಅದಕ್ಕೆ ಅಳಲೆಕಾಯಿ ಎನ್ನುತ್ತೇವೆ, ಒಗರು ಕಾಯಿ. ನೆನೆದು ಒಣಗಿದ ಲಡಿಗಳಲ್ಲಿ ಒಂದನ್ನು ತುಕ್ಕು ಮೊಳೆ ನೆನೆಸಿದ ನೀರಿಗೆ, ಒಂದನ್ನು ಪಟಿಕದ ನೀರಿಗೆ, ಒಂದನ್ನು ತಾಮ್ರದ ನೀರಿಗೆ ಅದ್ದುವುದು. ಕಾಯಿ ಒಂದೇ, ನೂಲೂ ಒಂದೇ, ಆದರೆ ಲೋಹ ಬೇರೆಯಾದರೆ ಬಣ್ಣ ಬೇರೆಯಾಗುತ್ತದೆ. ಆ ಬಣ್ಣದ ನೂಲನ್ನು ಮಕ್ಕಳೇ ಮರದ ಚೌಕಟ್ಟಿಗೆ ಕಟ್ಟಿ ನೇಯಬೇಕು. ನೇಯುವುದನ್ನು ತೋರಿಸಲು ನಾನು ಬೇಕು. ಈ ಬೀದಿಯಲ್ಲಿ ಕೈಮಗ್ಗದಲ್ಲಿ ಕೂತವರಲ್ಲಿ ಬದುಕಿರುವವಳು ನಾನೊಬ್ಬಳೇ ಎಂದು ಯಾರೋ ಹೇಳಿದ್ದರಂತೆ.

"ತಾಮ್ರದ ನೀರು ಅಂದರೆ ಯಾವುದು?" ಎಂದು ಕೇಳಿದೆ.

"ಮಯಿಲ್ ತುತ್ತಂ ಕರಗಿಸಿದ ನೀರಮ್ಮ."

ನಮ್ಮ ಕಡೆಯ ಮೈಲುತುತ್ತ, ಆ ನೀಲಿ ಹರಳು. ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಒಬ್ಬಳು ಅದನ್ನು ಕುಡಿದಿದ್ದಳು. ಗಾಡಿಯಲ್ಲಿ ಮಲಗಿಸಿ ಸಾಗಿಸುವಾಗ ನಾವು ಮಕ್ಕಳೆಲ್ಲ ಹಿಂದೆ ಓಡಿದ್ದೆವು. ಅವಳ ಬಾಯಿಯ ಸುತ್ತ ಕಪ್ಪು ನೀಲಿಯಾಗಿತ್ತು. ಅವಳು ಎದ್ದು ಬರಲಿಲ್ಲ. ಆ ಬಾಯಿ ನನಗೆ ಮರೆತಿಲ್ಲ.

"ಮಕ್ಕಳ ಕೈಗೆ ತುತ್ತ ಕೊಡುತ್ತೀರಾ?"

"ಇಲ್ಲಮ್ಮ. ಅದನ್ನು ನಾನೊಬ್ಬಳೇ ಮುಟ್ಟುವುದು, ಗ್ಲೌಸ್ ಹಾಕಿಕೊಂಡು. ಅದನ್ನು ಮೂಲೆಯಲ್ಲಿ ಬೇರೆಯಾಗಿ ಇಡುತ್ತೇನೆ. ಮಕ್ಕಳಿಗೂ ಹೇಳಿದ್ದೇನೆ."

ಒಪ್ಪಿದೆ. ಮನೆಯಲ್ಲಿ ಕೂತು ಮಾಡುವ ಕೆಲಸ ಏನಿತ್ತು? ಆದರೆ ಹೋಗುವ ದಿನದವರೆಗೂ ನನಗೆ ಅಂಜಿಕೆ ಇದ್ದೇ ಇತ್ತು.

ಸ್ಕೂಲಿನ ನಲ್ಲಿ ನೀರು ಉಪ್ಪು. ಅದಕ್ಕೆ ನನ್ನ ಹಿತ್ತಾಳೆ ಚೆಂಬಿನಲ್ಲಿ ಮನೆಯ ನೀರು ತುಂಬಿಕೊಂಡು, ಮೇಲೆ ಲೋಟ ಮುಚ್ಚಿಕೊಂಡು ಹೋದೆ. ಮದುವೆಯಲ್ಲಿ ತವರಿನವರು ಕೊಟ್ಟ ಚೆಂಬು ಅದು. ಕಂಠದಲ್ಲಿ ನನ್ನ ಅಪ್ಪನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಹೊಡೆಸಿದ್ದಾರೆ. ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಅದರ ಮೇಲೆ ಇರುವುದು ಹೆಸರು ಎಂದಷ್ಟೇ ಗೊತ್ತು.

ಕ್ಲಾಸಿನಲ್ಲಿ ಮೂರು ದೊಡ್ಡ ಪ್ಲಾಸ್ಟಿಕ್ ಟಬ್ಬು ಇಟ್ಟಿದ್ದರು. ಪ್ರತಿಯೊಂದಕ್ಕೂ ಒಂದು ಕಾಗದ ಅಂಟಿಸಿ ತಮಿಳಿನಲ್ಲಿ ಹೆಸರು ಬರೆದಿದ್ದರು. ನನಗೆ ಓದಲಾಗಲಿಲ್ಲ, ಮೊಮ್ಮಗಳು ಓದಿ ಹೇಳಿದಳು. ಇರುಂಬು ಎಂದರೆ ಕಬ್ಬಿಣ. ಅಲುಮಿನಿಯಂ, ಅದು ಪಟಿಕದಲ್ಲಿ ಇರುವ ಲೋಹವಂತೆ. ಮೂಲೆಯಲ್ಲಿದ್ದ ತಿಳಿನೀಲಿ ನೀರಿನ ಟಬ್ಬಿನ ಮೇಲೆ ಸೆಂಬು.

"ಮಿಸ್, ಅದು ಟಬ್ಬು ಮಿಸ್, ಸೆಂಬು ಅಲ್ಲ," ಎಂದು ಒಬ್ಬ ಹುಡುಗಿ ಕೂಗಿದಳು. ಎಲ್ಲರೂ ನಕ್ಕರು. ತಮಿಳಿನಲ್ಲಿ ತಾಮ್ರಕ್ಕೆ ಸೆಂಬು ಎನ್ನುತ್ತಾರೆ. ನೀರು ಕುಡಿಯುವ ಚೆಂಬಿಗೂ ಸೆಂಬು ಎಂದೇ ಎನ್ನುತ್ತಾರೆ. ಹಿಂದೆ ಆ ಪಾತ್ರೆಯನ್ನು ತಾಮ್ರದಲ್ಲಿ ಮಾಡುತ್ತಿದ್ದರಲ್ಲ, ಅದಕ್ಕೇ ಎಂದು ಟೀಚರು ಹೇಳಿದರು. ಹೇಳಿ, ದನಿ ಗಟ್ಟಿ ಮಾಡಿ, "ಈ ಸೆಂಬು ಕುಡಿಯೋದಲ್ಲ. ಇದು ವಿಷ. ಹತ್ತಿರ ಹೋದವರ ಕೈ ಮುರಿಯುತ್ತೇನೆ," ಎಂದರು.

"ಕೈ ಮಾತ್ರ ಅಲ್ಲ, ಕಾಲನ್ನು ನಾನು ಮುರೀತೀನಿ," ಎಂದೆ ನಾನು. ಮಕ್ಕಳು ಇನ್ನೂ ನಕ್ಕರು. ನನಗೆ ನಗು ಬರಲಿಲ್ಲ.

ಮೊಮ್ಮಗಳು ಕಬ್ಬಿಣದ ಗುಂಪಿನಲ್ಲಿದ್ದಳು. ಕಡುಕ್ಕಾಯ್ ನೀರಿನಲ್ಲಿ ನೆನೆದು ಒಣಗಿ ಕೊಳಕು ಹಳದಿಯಾಗಿದ್ದ ಲಡಿಯನ್ನು ಅವರು ತುಕ್ಕು ನೀರಿಗೆ ಇಳಿಸಿದರು. ನೋಡನೋಡುತ್ತಿದ್ದಂತೆ ಅದು ಕಾಡಿಗೆಯಂತೆ ಕಪ್ಪಾಯಿತು. ಕ್ಲಾಸೆಲ್ಲ ಹೋ ಎಂದಿತು. ಪಟಿಕದಲ್ಲಿ ಅದ್ದಿದ್ದು ಒಳ್ಳೆಯ ಅರಿಸಿನ ಬಣ್ಣಕ್ಕೆ ಬಂತು. ಟೀಚರು ಗ್ಲೌಸ್ ಹಾಕಿಕೊಂಡು ನೀಲಿ ನೀರಿನಿಂದ ಎತ್ತಿದ್ದು ಒಣಗಿದ ಬೇವಿನೆಲೆಯ ಹಸಿರು. ಒಂದೇ ಕಾಯಿ, ಮೂರು ಬಣ್ಣ. ಇಷ್ಟು ವರ್ಷ ನೂಲಿನ ಜೊತೆ ಇದ್ದವಳು, ನಾನೂ ಬಾಯಿ ಬಿಟ್ಟುಕೊಂಡೇ ನೋಡಿದೆ.

ನೂಲು ಬಿಸಿಲಲ್ಲಿ ಒಣಗಿದ ಮೇಲೆ ನನ್ನ ಕೆಲಸ. ಚೌಕಟ್ಟಿನ ಮೊಳೆಗಳಿಗೆ ಬಿಳಿ ದಾರವನ್ನು ಉದ್ದಕ್ಕೆ ಹಾಸು ಕಟ್ಟಿಸಿ, ಬಣ್ಣದ ನೂಲನ್ನು ಅಡ್ಡಕ್ಕೆ ಹೊಕ್ಕು ಹಾಯಿಸುವುದು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಅಷ್ಟು ಸುಲಭದ್ದು ಆ ಮಕ್ಕಳಿಗೆ ಬರಲಿಲ್ಲ. ಬೀದಿ ತುಂಬ ಮಗ್ಗ ಓಡುತ್ತವೆ, ಮನೆಯ ಮಕ್ಕಳಿಗೆ ಬಟ್ಟೆ ಹೇಗಾಗುತ್ತದೆಂದು ಗೊತ್ತಿಲ್ಲ. ಎಳೆ ಬಿಡಿಸುತ್ತಾ, ಬೈಯುತ್ತಾ, ಮಧ್ಯೆ ಮಧ್ಯೆ ತಿರುಗಿ ಮೂಲೆಯ ಟಬ್ಬನ್ನು ನೋಡುತ್ತಿದ್ದೆ. ಬೈದು ಬೈದು ಗಂಟಲು ಒಣಗಿ, ಮಧ್ಯಾಹ್ನ ಊಟದ ಹೊತ್ತಿಗೆ ಚೆಂಬಿನ ನೀರನ್ನು ನಾನೊಬ್ಬಳೇ ಪೂರ್ತಿ ಕುಡಿದು ಮುಗಿಸಿದ್ದೆ. ಇದನ್ನು ನೆನಪಿಡಿ. ನಾನು ಅದನ್ನೇ ಹಿಡಿದುಕೊಂಡು ಒದ್ದಾಡಿದೆ.

ಸ್ಕೂಲು ಬಿಟ್ಟಿತು. ಖಾಲಿ ಚೆಂಬು ಕಂಕುಳಲ್ಲಿ, ಮಗು ಕೈಯಲ್ಲಿ. ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅವಳು ಕೈ ಬಿಡಿಸಿಕೊಂಡು ಮೋರಿಯ ಹತ್ತಿರ ಓಡಿ ಬಗ್ಗಿ ವಾಂತಿ ಮಾಡಿದಳು. ಮತ್ತೆ ಮಾಡಿದಳು. ಬೆನ್ನು ಸವರಿ, ಮುಖ ನನ್ನ ಕಡೆ ತಿರುಗಿಸಿದೆ.

ಬಾಯಿಯ ಸುತ್ತ ಕಪ್ಪು ನೀಲಿ.

ನಾನು ಅರವತ್ತು ವರ್ಷ ಮರೆಯದ ಬಾಯಿ ನನ್ನ ಮುಂದೆ ನಿಂತಿತ್ತು.

"ಏನ್ ತಿಂದೆ?"

"ಏನೂ ತಿನ್ಲಿಲ್ಲ ಅಮ್ಮಾಯಿ." ಅವಳು ಕಣ್ಣು ಬೇರೆ ಕಡೆ ತಿರುಗಿಸಿದಳು.

"ಮತ್ತೆ ಏನ್ ಕುಡ್ದೆ? ಹೇಳು, ಕೊಂದ್ಬಿಡ್ತೀನಿ."

"ಚೆಂಬು ನೀರು ಕುಡ್ದೆ ಅಷ್ಟೇ."

ಮೊದಲು ಸ್ವಲ್ಪ ಸಮಾಧಾನವಾಯಿತು. ಚೆಂಬು ನೀರು ತಾನೆ. ಆಮೇಲೆ ಕಂಕುಳಲ್ಲಿದ್ದ ಚೆಂಬು ನೆನಪಾಯಿತು. ಅದು ಮಧ್ಯಾಹ್ನವೇ ಖಾಲಿ.

"ಯಾವ ಚೆಂಬು?"

"ಕ್ಲಾಸಲ್ಲಿ ಇತ್ತಲ್ಲ ಅಮ್ಮಾಯಿ, ಮೇಲೆ ಹೆಸರು ಬರ್ದಿರೋದು."

ಹೆಸರು ಬರೆದಿರುವುದು. ಮೂಲೆಯ ಟಬ್ಬಿಗೆ ಸೆಂಬು ಎಂದು ಬರೆದು ಅಂಟಿಸಿದ ಕಾಗದ ನನ್ನ ಕಣ್ಣ ಮುಂದೆ ಬಂತು. ಅವಳನ್ನು ಎತ್ತಿಕೊಳ್ಳಲು ನೋಡಿದೆ, ಆಗಲಿಲ್ಲ, ದೊಡ್ಡವಳಾಗಿದ್ದಳು. ಎಳೆದುಕೊಂಡೇ ಸ್ಕೂಲಿನ ಕಡೆ ಓಡಿದೆ. ಒಂದು ಚಪ್ಪಲಿ ಎಲ್ಲೋ ಬಿತ್ತು. ಚೆಂಬು ಮಾತ್ರ ಕಂಕುಳಲ್ಲೇ ಇತ್ತು.

ಟೀಚರು ಗೇಟಿನ ಹತ್ತಿರ ಸ್ಕೂಟರು ತೆಗೆಯುತ್ತಿದ್ದರು. ನನಗೆ ಉಸಿರು ಹತ್ತಲಿಲ್ಲ. "ಸೆಂಬು, ಸೆಂಬು," ಎಂದಷ್ಟೇ ಹೇಳಿದೆ. ಅವರು ಮಗುವಿನ ಬಾಯಿ ನೋಡಿದರು, ಸ್ಕೂಟರು ಬಿಟ್ಟರು. ಅದು ಬಿದ್ದ ಸದ್ದು ಈಗಲೂ ಕೇಳಿಸುತ್ತದೆ.

ಮಂಡಿಯೂರಿ ಅವಳ ಭುಜ ಹಿಡಿದು ತಮಿಳಿನಲ್ಲಿ ಕೇಳಿದರು: "ಸೆಂಬು ತಣ್ಣಿ ಕುಡಿಚಿಯಾ?"

ತಣ್ಣಿ ಎಂದರೆ ನೀರು. ಮಗು ತಲೆಯಾಡಿಸಿತು. "ಆಮಾ ಮಿಸ್."

"ಪೇರ್ ಎಳುದಿ ಇರುಂದುಚೇ, ಅದಾ?" ಹೆಸರು ಬರೆದಿತ್ತಲ್ಲ, ಅದೇ ತಾನೆ ಎಂದು.

"ಆಮಾ ಮಿಸ್."

ಹೌದು, ಹೌದು. ಕನ್ನಡದಲ್ಲಿ ಕೇಳಿದರೂ ಅದೇ, ತಮಿಳಿನಲ್ಲಿ ಕೇಳಿದರೂ ಅದೇ. ಟೀಚರು ಕ್ಲಾಸಿಗೆ ಓಡಿಹೋಗಿ ಟಬ್ಬನ್ನು ನೋಡಿಕೊಂಡು ಬಂದರು. ಮುಖದಲ್ಲಿ ರಕ್ತವಿರಲಿಲ್ಲ.

"ನೀರು ಕಮ್ಮಿಯಾಗಿದೆ ಅಮ್ಮ. ಬೆಳಗ್ಗೆ ಇದ್ದಷ್ಟಿಲ್ಲ."

ಒಂದು ಆಟೋ ಸಿಕ್ಕಿತು. ನಾನು ಉಪ್ಪು ನೀರು ಕುಡಿಸಿ ಪೂರ್ತಿ ವಾಂತಿ ಮಾಡಿಸೋಣ ಎಂದೆ. ನಮ್ಮ ಕಡೆ ಹಾಗೇ ಮಾಡುವುದು. ಟೀಚರು ನನ್ನ ಕೈ ಹಿಡಿದು, "ಬೇಡ, ಬೇಡ, ಇನ್ನೊಂದು ಸಾರಿ ಬಂದರೆ ಗಂಟಲೂ ಸುಡುತ್ತದೆ. ಡಾಕ್ಟರು ಹೇಳಲಿ," ಎಂದರು.

ಆಟೋದವನು ಕನ್ನಡಿಯಲ್ಲಿ ನೋಡಿದ. "ಏನಮ್ಮಣಿ, ಪರೀಕ್ಷೆ ಫೇಲಾ? ಅದಕ್ಕೆಲ್ಲ ಮರುಂದು ಕುಡೀತಾರಾ ಯಾರಾದರೂ?" ಮರುಂದು ಎಂದರೆ ಹೊಲಕ್ಕೆ ಹೊಡೆಯುವ ವಿಷ.

"ಬಾಯಿ ಮುಚ್ಚಿಕೊಂಡು ಓಡಿಸು," ಎಂದೆ. "ಇಲ್ಲಾಂದ್ರೆ ಇಳಿ, ನಾನೇ ಓಡಿಸ್ತೀನಿ."

ಅವನು ಚೆನ್ನಾಗಿ ಓಡಿಸಿದ, ಸುಳ್ಳು ಹೇಳಬಾರದು.

ಅಲ್ಲಿಯವರೆಗೆ ಮಗುವಿಗೆ ಹೆದರಿಕೆ ಇರಲಿಲ್ಲ. ನಮ್ಮಿಬ್ಬರ ಮುಖ ನೋಡಿ ಅವಳಿಗೂ ಶುರುವಾಯಿತು. "ಅಮ್ಮಾಯಿ, ನಾನು ಸತ್ತೋಗ್ತೀನಾ?" ಎಂದು ಅಳಲು ಹತ್ತಿದಳು. ಸೆರಗಿನಿಂದ ಅವಳ ಬಾಯಿ ಒರೆಸಿದೆ. ಕಪ್ಪು ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದೆ. ಆಗಲೂ ಹೋಗಲಿಲ್ಲ. ಒಳಗಿಂದ ಬಂದ ಕಪ್ಪು ಎಲ್ಲಿ ಹೋಗುತ್ತದೆ ಎಂದುಕೊಂಡೆ. ಮಗಳಿಗೆ ಫೋನು ಹಚ್ಚಬೇಕೆಂದು ಗುಂಡಿ ಒತ್ತಿದೆ. ರಿಂಗಾಯಿತು, ಎತ್ತಲಿಲ್ಲ. ಶಿಫ್ಟಿನಲ್ಲಿ ಫೋನು ಎತ್ತಲು ಬಿಡುವುದಿಲ್ಲ. ಎತ್ತಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಿರಾಳವಾಯಿತು. ಅಷ್ಟು ಹೆದರಿದ್ದೆ.

ಮೇನ್ ರೋಡಿನ ಆಸ್ಪತ್ರೆ ಸಣ್ಣದು. ಡಾಕ್ಟರೂ ಸಣ್ಣ ವಯಸ್ಸಿನವರು. ಮಗುವನ್ನು ಮಂಚದ ಮೇಲೆ ಮಲಗಿಸಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಡಿ ಹಿಡಿದು, ಕೈಗೆ ಸೂಜಿ ಚುಚ್ಚಿ ನೀರು ಹಾಕಿದರು. ಟೀಚರು ತುತ್ತ ಎಷ್ಟು ಹಾಕಿದ್ದು, ನೀರೆಷ್ಟು ಎಂದು ಎಲ್ಲವನ್ನೂ ಹೇಳಿದರು. ಮಾತು ತಡವರಿಸಿದರೂ ಒಂದೂ ಮುಚ್ಚಿಡಲಿಲ್ಲ.

ಡಾಕ್ಟರು ಮಗುವನ್ನೇ ಕೇಳಿದರು. ಮತ್ತದೇ ಸೆಂಬು ತಣ್ಣಿ, ಮತ್ತದೇ ಆಮಾ.

"ಎಷ್ಟು ಕುಡಿದೆ ಕಣ್ಣು?" ಎಂದರು. ಈ ಕಡೆ ಮಕ್ಕಳನ್ನು ಮುದ್ದಿಗೆ ಕಣ್ಣು ಎಂದೇ ಕರೆಯುವುದು.

"ಹೊಟ್ಟೆ ತುಂಬ."

ಟೀಚರು ಗೋಡೆ ಹಿಡಿದುಕೊಂಡರು.

"ರುಚಿ ಹೇಗಿತ್ತು?"

ಮಗು ಸ್ವಲ್ಪ ಯೋಚಿಸಿತು. "ಸಿಹಿಯಾಗಿತ್ತು ಸಾರ್. ಅದಕ್ಕೇ ಜಾಸ್ತಿ ಕುಡಿದೆ."

ಡಾಕ್ಟರು ಹುಬ್ಬು ಗಂಟಿಕ್ಕಿ ಟೀಚರ ಕಡೆ ನೋಡಿದರು. "ಸಿಹಿನಾ?" ನನಗಂತೂ ಇನ್ನೂ ಭಯವಾಯಿತು. ಕಹಿಯಾಗಿದ್ದರೆ ಮಗು ಉಗುಳುತ್ತಿತ್ತು. ಸಿಹಿಯಾದ ವಿಷವನ್ನು ಯಾರು ಉಗುಳುತ್ತಾರೆ? ಡಾಕ್ಟರು, ಇಲ್ಲಿ ಆಗುವುದಿಲ್ಲ, ಕೋಯಮತ್ತೂರಿಗೆ ಕಳಿಸಬೇಕಾಗಬಹುದು, ಮೂಗಿನಲ್ಲಿ ಟ್ಯೂಬು ಹಾಕಬೇಕಾಗಬಹುದು ಎಂದರು. ನರ್ಸಿಗೆ ಆಂಬುಲೆನ್ಸಿಗೆ ಫೋನು ಮಾಡಲು ಹೇಳಿದರು.

ಆಂಬುಲೆನ್ಸು ಎಂಬ ಮಾತು ಕೇಳಿದೊಡನೆ ನನಗೆ ಏನಾಯಿತೋ. ಒಳ್ಳೆಯ ಮಾತು ಆಡುವ ಅಭ್ಯಾಸ ನನಗಿಲ್ಲ. ಭಯದಲ್ಲಿ ಬಾಯಿಗೆ ಬಂದದ್ದು ದಿನಾ ಮನೆಯಲ್ಲಿ ಬೈಯುವ ಬೈಗುಳವೇ. ನಮ್ಮ ಮನೆಗಳಲ್ಲಿ ಚೆಂಬಿಗೆ ಬಾಯಿ ಹಚ್ಚಿ ಕುಡಿಯುವುದಿಲ್ಲ. ಎತ್ತಿ, ಮೇಲಿನಿಂದ ಗಂಟಲಿಗೆ ಬಿಟ್ಟುಕೊಳ್ಳಬೇಕು. ಬಾಯಿ ಹಚ್ಚಿದರೆ ಕಚ್ಚಿ ಕುಡಿದೆ ಎನ್ನುತ್ತೇವೆ, ಪಾತ್ರೆ ಎಂಜಲಾಯಿತು. ಮೊಮ್ಮಗಳು ಕಚ್ಚಿ ಕುಡಿಯುವವಳು. ಅದಕ್ಕೆ ಅವಳಿಗೆ ದಿನಾ ಏಟು.

"ಎತ್ತಿ ಕುಡ್ದ್ಯಾ, ಕಚ್ಚಿ ಕುಡ್ದ್ಯಾ? ಹೇಳೇ ಮೂದೇವಿ!" ಎಂದು ಕಿರುಚಿದೆ. ನರ್ಸು ನನ್ನನ್ನು ಹೊರಗೆ ಕಳಿಸಲು ಬಂದಳು.

"ಎತ್ತೇ ಕುಡ್ದೆ ಅಮ್ಮಾಯಿ!" ಮಗು ಅಳುತ್ತಲೇ ಕೂಗಿತು. "ಬಾಯಿ ಹಚ್ಚಲೇ ಇಲ್ಲ. ನಿನ್ನಾಣೆ. ಹಿಂಗೆ." ಎಂದು, ಸೂಜಿ ಇಲ್ಲದ ಕೈಯನ್ನು ಮೇಲೆತ್ತಿ, ಬೆರಳುಗಳನ್ನು ಕಂಠ ಹಿಡಿದಂತೆ ಮಡಿಸಿ, ತಲೆ ಹಿಂದಕ್ಕೆ ಚಾಚಿ ತೋರಿಸಿದಳು.

ನಾನು ಆ ಕೈಯನ್ನೇ ನೋಡಿದೆ. ಟಬ್ಬು ನನ್ನ ಅಪ್ಪುಗೆಗೂ ಸಿಗದಷ್ಟು ಅಗಲ. ತುಂಬ ನೀರು, ಲಡಿ. ಟೀಚರೂ ಇನ್ನೊಬ್ಬರೂ ಸೇರಿ ತಳ್ಳಿ ಮೂಲೆಗೆ ಸೇರಿಸಿದ್ದರು.

"ಟಬ್ಬನ್ನ ಎತ್ತಿದ್ಯಾ ನೀನು?"

"ಟಬ್ಬಾ?" ಅಳು ನಿಂತಿತು. "ಟಬ್ಬಲ್ಲಿ ಯಾರು ಕುಡೀತಾರೆ? ಅದು ವಿಷ ಅಂತ ಮಿಸ್ ಹೇಳಿದ್ರಲ್ಲ." ನಾವು ಬುದ್ಧಿಯಿಲ್ಲದವರು ಎಂಬಂತೆ ನೋಡಿದಳು. "ನಿನ್ನ ಚೆಂಬು ಅಮ್ಮಾಯಿ. ಅದೋ, ಕಂಕುಳಲ್ಲಿ ಇಟ್ಕೊಂಡಿದ್ದೀಯಲ್ಲ."

ಇತ್ತು. ಅಷ್ಟು ಹೊತ್ತೂ ಅಲ್ಲೇ ಇತ್ತು. ಕಂಠದಲ್ಲಿ ಅಪ್ಪನ ಹೆಸರು.

"ಇದು ಖಾಲಿಯಾಗಿತ್ತಲ್ಲೇ!"

"ಪೈಪಲ್ಲಿ ನಾನೇ ಹಿಡ್ಕೊಂಡೆ."

ಟೀಚರಿಗೆ ತಮಿಳಿನಲ್ಲಿ ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅವರು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟರು. ಡಾಕ್ಟರು ನರ್ಸಿಗೆ ತಡಿ ಎಂದು ಸನ್ನೆ ಮಾಡಿದರು. ಆದರೆ ಬಿಡಲಿಲ್ಲ. ಮಗುವಿನ ಕಡೆ ಬಗ್ಗಿ ಕೇಳಿದರು: "ಸ್ಕೂಲ್ ಪೈಪಿನ ನೀರು ಸಿಹಿಯಾ? ಈ ಊರಲ್ಲಾ?"

ಮಗು ಟೀಚರ ಕಡೆ ಕದ್ದು ನೋಡಿತು.

"ಹೇಳು ಕಣ್ಣು, ಯಾರೂ ಹೊಡೆಯೋದಿಲ್ಲ," ಎಂದರು ಟೀಚರು.

"ನಾನು ಹೊಡೀತೀನಿ, ಆದ್ರೂ ಹೇಳು," ಎಂದೆ ನಾನು.

ಕಡುಕ್ಕಾಯ್. ಟೀಚರು ಬಾಯಿಗೆ ಹಾಕಬಾರದೆಂದು ಹೇಳಿದ್ದ ಕಾಯಿ. ಕಚ್ಚಿದರೆ ಏನೂ ಆಗಲ್ಲ, ನಿನಗೆ ಧೈರ್ಯ ಇಲ್ಲ ಎಂದು ಪಕ್ಕದ ಹುಡುಗಿಯರು ಕೆಣಕಿದರಂತೆ. ಇವಳು ಒಂದು ತುಂಡು ಪೂರ್ತಿ ಅಗಿದು ನುಂಗಿದಳಂತೆ. ಬಾಯೆಲ್ಲ ಒಗರಾಗಿ ನಾಲಗೆ ಎಳೆದುಕೊಂಡಾಗ ಪೈಪಿಗೆ ಓಡಿದ್ದಾಳೆ. ಒಗರಿನ ಮೇಲೆ ನೀರು ಕುಡಿದರೆ ಸಿಹಿ, ನೆಲ್ಲಿಕಾಯಿ ತಿಂದವರಿಗೆಲ್ಲ ಗೊತ್ತು. ಆ ಸಿಹಿಗೆ ಹೊಟ್ಟೆ ಬಿರಿಯುವಷ್ಟು ಉಪ್ಪು ನೀರು ಕುಡಿದಿದ್ದಾಳೆ. ವಾಂತಿಯಾಗದೆ ಇನ್ನೇನಾಗುತ್ತದೆ?

ಟೀಚರು ನೆಲದಿಂದ ಎದ್ದು ಮಗುವಿನ ಬೆರಳು ಹಿಡಿದು ನೋಡಿದರು. ಕಬ್ಬಿಣದ ಗುಂಪಿನ ಬೆರಳು. ಆಮೇಲೆ ತುಟಿ ನೋಡಿದರು. "ಡಾಕ್ಟರ್," ಎಂದರು, ದನಿ ನಗುವೋ ಅಳುವೋ ತಿಳಿಯದ ಹಾಗೆ, "ಇದು ವಿಷ ಅಲ್ಲ. ತುಟಿಯಲ್ಲಿ ಕಡುಕ್ಕಾಯ್, ಬೆರಳಲ್ಲಿ ಇರುಂಬು. ಬಾಯಿ ಒರೆಸಿಕೊಂಡಿದ್ದಾಳೆ. ಇವತ್ತು ಇವಳ ಗುಂಪಿಗೆ ನಾನು ಮಾಡಿಸಿದ ಪಾಠವೇ ಇದು."

ನೂಲು ಕಪ್ಪಾದ ಹಾಗೆ ಮಗುವಿನ ಬಾಯಿ ಕಪ್ಪಾಗಿತ್ತು. ಟಬ್ಬಿನ ನೀರನ್ನು ಕುಡಿದದ್ದು ನೂಲು. ಒಣ ಹತ್ತಿ ಎಷ್ಟು ನೀರು ಕುಡಿಯುತ್ತದೆಂದು ನನಗಿಂತ ಯಾರಿಗೆ ಗೊತ್ತು? ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಡಾಕ್ಟರು ಆಂಬುಲೆನ್ಸು ಬೇಡವೆಂದರು, ಆದರೆ ಮನೆಗೂ ಕಳಿಸಲಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕೊಟ್ಟು, ದೀಪ ಹಚ್ಚುವ ಹೊತ್ತಿನವರೆಗೆ ಇಟ್ಟುಕೊಂಡರು. ಮಗು ಮಾತು ಬದಲಿಸುತ್ತಿರಬಹುದಲ್ಲ, ನೋಡೋಣ ಎಂದರು. ಸರಿಯಾಗಿಯೇ ಹೇಳಿದರು. ಆ ಮಾತು ನನ್ನೊಳಗೂ ಇತ್ತು. ಒಮ್ಮೆ ಏನೂ ತಿನ್ನಲಿಲ್ಲ ಎಂದವಳು ತಿಂದಿದ್ದಳಲ್ಲ. ಟೀಚರು ಹೊರಗೆ ಹೋಗಿ ಟೀ ತಂದುಕೊಟ್ಟರು. ಇಬ್ಬರೂ ಕೈಯಲ್ಲಿ ಹಿಡಿದುಕೊಂಡೇ ಕೂತೆವು. ಮಗು ನಿದ್ದೆ ಹೋದಾಗ ನಾನು ಎದ್ದುಹೋಗಿ ಎದೆ ಏರುತ್ತಿದೆಯೇ ಎಂದು ನೋಡುವುದು, ಬಂದು ಕೂರುವುದು. ನಾನು ಬಂದ ಮೇಲೆ ಅವರು ಎದ್ದುಹೋಗುವುದು.

ರಿಪೋರ್ಟು ಬಂತು. ಏನೂ ಇಲ್ಲ ಎಂದರು.

ಮಗಳು ಮಿಸ್ಡ್ ಕಾಲ್ ನೋಡಿ ಫೋನು ಮಾಡಿದಾಗ ಆಸ್ಪತ್ರೆ ಎಂದಷ್ಟೇ ಹೇಳಿದ್ದೆ. ಬಸ್ಸಿನಿಂದ ಇಳಿದು ಓಡಿಬಂದಳು, ತಲೆಗೂದಲ ತುಂಬ ಬನಿಯನ್ನಿನ ಹತ್ತಿ. ನನ್ನನ್ನು ನೋಡಲಿಲ್ಲ, ಟೀಚರನ್ನು ನೋಡಲಿಲ್ಲ. ಮಗುವಿನ ಗಲ್ಲ ಹಿಡಿದು ಎತ್ತಿದಳು.

"ಅವ್ವಾ, ಇವಳ ಬಾಯಿ ಯಾಕೆ ಕಪ್ಪು?"

"ನಿನ್ನ ಮಗಳು ಸೈನ್ಸ್ ಕಲ್ತಿದ್ದಾಳೆ."

ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಮಗುವಿನ ಪಕ್ಕ ಮಂಚದ ಮೇಲೆ ಕೂತು, "ಎಲ್ಲ ಹೇಳು," ಎಂದಳು. ಹೇಳಿದೆ. ಚೆಂಬಿನ ಮಾತಿಗೆ ಬಂದಾಗ ಕೈ ಚಾಚಿ ನನ್ನ ಕಂಕುಳಿನಿಂದ ಚೆಂಬನ್ನು ಎಳೆದುಕೊಂಡಳು. ತಿರುಗಿಸಿ ನೋಡಿದಳು, ಒಳಗೆ ಮೂಸಿದಳು. ಆಮೇಲೆ ನನಗೇ ವಾಪಸು ಕೊಟ್ಟಳು.

"ಇನ್ನು ಮೇಲೆ ಇದನ್ನ ಏನಂತ ಕರೀತೀಯೋ ನೋಡ್ಕೋ," ಎಂದಳು.

ಟೀಚರು ಮೆಲ್ಲಗೆ ಮುಂದೆ ಬಂದು, ನಾಳೆಯಿಂದ ಆ ಟಬ್ಬಿನ ಪಾಠ ಇಲ್ಲ, ಚೌಕಟ್ಟೂ ಬೇಡ, ಕ್ಷಮಿಸಬೇಕು ಎಂದರು. ಮಲಗಿದ್ದ ಮೊಮ್ಮಗಳು ಎದ್ದು ಕೂತಳು.

"ಮಿಸ್, ನಂದು ಅರ್ಧಾನೇ ನೇಯ್ದಿರೋದು ಮಿಸ್."

ಆ ದಿನ ಅಷ್ಟಕ್ಕೆ ಮುಗಿಯಿತು. ಮಗಳು ನಮ್ಮ ಜೊತೆಗೇ ಮನೆಗೆ ಬಂದಳು.

ಮಾರನೆಯ ದಿನ ಬೆಳಗ್ಗೆ ಅವರಿಬ್ಬರೂ ಏಳುವ ಮೊದಲೇ ಹಿತ್ತಿಲಿಗೆ ಹೋದೆ. ಹುಣಸೆಹಣ್ಣು ಹಚ್ಚಿ ಚೆಂಬನ್ನು ಒಳಗೂ ಹೊರಗೂ ತಿಕ್ಕಿದೆ, ಕೈ ಉರಿಯುವವರೆಗೆ. ಚೆನ್ನಾಗಿ ತೊಳೆದು ಕುಡಿಯುವ ನೀರು ತುಂಬಿದೆ. ನಾನೇ ಮೊದಲು ಎತ್ತಿ ಕುಡಿದೆ. ಗಂಟಲಿಗೆ ಇಳಿದದ್ದನ್ನು ನೋಡಿಕೊಂಡು ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತೆ. ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಆಮೇಲೆ ಒಳಗೆ ಹೋಗಿ ಮಗುವನ್ನು ಎಬ್ಬಿಸಿದೆ, ಸ್ಕೂಲಿಗೆ ಹೊತ್ತಾಯಿತೆಂದು.